ಬಸ್ಕಿ ಹೊಡೆದರೆ ಬಾಟಲಿ ಬಿಡುತ್ತಾ?

ಬೆಂಗಳೂರಿನ ಐಟಿ ಮಂದಿಯ ನಡುವೆ ಯಾರಾದ್ರೂ ಧೈರ್ಯ ಮಾಡಿ "ಕುಡಿಯೋದು ಕೈಮೀರಿ ಹೋಗಿದೆ ಕಣೋ, ಬಿಡಬೇಕು ಅಂತಿದೀನಿ" ಅಂದರೆ ಸಿಗುವ ಉತ್ತರ ಒಂದೇ. "ಸೂಪರ್ ಮಗಾ! ನಾಳೆಯಿಂದ್ಲೇ ಜಿಮ್ ಸೇರ್ಕೋ." ಬೆನ್ನಿಗೆ ಎರಡು ಗುದ್ದು, ವಾಟ್ಸಾಪಿನಲ್ಲಿ ತೋಳಿನ ಇಮೋಜಿ, ಯಾವನೋ ಹೊಟ್ಟೆ ಕರಗಿಸಿಕೊಂಡವನ ಮೊದಲು-ಆಮೇಲೆ ಫೋಟೋ. ಅಲ್ಲಿಗೆ ಮುಗೀತು. ಹೇಳಿದವನಿಗೆ ಪೈಸೆ ಖರ್ಚಿಲ್ಲ, ಕೇಳಿದವನಿಗೆ ಮೂರು ತಿಂಗಳ ಫೀಸು. ದೊಡ್ಡ ಅನುಕೂಲ ಅಂದ್ರೆ ಆಮೇಲೆ ಇಬ್ಬರೂ ಆ ವಿಷಯವನ್ನೇ ಎತ್ತಬೇಕಾಗಿಲ್ಲ.

ನನ್ನ ತಕರಾರು ವ್ಯಾಯಾಮದ ಮೇಲಲ್ಲ. ಕುಡಿತ ಬಿಟ್ಟು ಚೇತರಿಸಿಕೊಳ್ಳುತ್ತಿರುವವರಿಗೆ ವ್ಯಾಯಾಮ ಬೇಕು. ಎಷ್ಟು ಬೇಕು, ಯಾವಾಗ ಬೇಕು, ಯಾಕೆ ಬೇಕು ಅನ್ನೋದಕ್ಕೆ ಮುಂದೆ ಬರ್ತೀನಿ. ತಕರಾರು ಇರೋದು ಚಿಕಿತ್ಸೆ ಕೂರಬೇಕಾದ ಕುರ್ಚಿಯಲ್ಲಿ ಜಿಮ್ಮನ್ನು ತಂದು ಕೂರಿಸುವ ನಮ್ಮ ಬುದ್ಧಿಯ ಮೇಲೆ. ಆ ಸಲಹೆಯ ಒಳಗೆ ಒಂದು ತೀರ್ಪು ಅಡಗಿದೆ: ನೀನು ಕುಡೀತಿರೋದು ಮೈಗಳ್ಳತನದಿಂದ, ನಾಲ್ಕು ದಿನ ಬೆವರು ಸುರಿಸಿದ್ರೆ ಸರಿಹೋಗ್ತೀಯ. ಕಾಯಿಲೆ ಅಂತ ಬಂದವನಿಗೆ ನಾವು ಕೊಡುತ್ತಿರೋದು ಶಿಕ್ಷೆ. ನಮ್ಮೂರ ಶಾಲೇಲಿ ಮಗ್ಗಿ ಬರದಿದ್ರೆ ಮೇಷ್ಟ್ರು ಬಸ್ಕಿ ಹೊಡೆಸ್ತಿದ್ರು. ಇಪ್ಪತ್ತು ಬಸ್ಕಿ ಆದ್ಮೇಲೆ ತೊಡೆ ನಡುಗ್ತಿತ್ತೇ ಹೊರತು ಹದಿನೇಳರ ಮಗ್ಗಿ ಬರ್ತಿರಲಿಲ್ಲ.

ದುಡಿದು ದಣಿದ ಮೈಗೆ ಕುಡಿತ ಹತ್ತಲ್ಲ ಅನ್ನೋರು ಒಮ್ಮೆ ನಮ್ಮ ಕಡೆ ಬಂದು ನೋಡಬೇಕು. ಕಬ್ಬು ಕಡಿದು ಲಾರಿಗೆ ತುಂಬೋರು, ಆಲೆಮನೆಯ ಕೊಪ್ಪರಿಗೆ ಮುಂದೆ ಇಡೀ ರಾತ್ರಿ ನಿಲ್ಲೋರು, ಎಪಿಎಂಸಿ ಯಾರ್ಡಿನಲ್ಲಿ ದಿನಕ್ಕೆ ನೂರಾರು ಮೂಟೆ ಹೊರೋ ಹಮಾಲಿಗಳು. ಇವರ ಮುಂದೆ ನಮ್ಮ ಜಿಮ್ಮಿನ ಯಾವ ಹೀರೋ ನಿಲ್ಲಬಲ್ಲ? ನಾನು ಚಿಕ್ಕವನಿದ್ದಾಗ ಅವರಲ್ಲಿ ಎಷ್ಟೋ ಜನ ಸಂಜೆ ಆಗ್ತಿದ್ದ ಹಾಗೆ ಪ್ಯಾಕೆಟ್ ಸಾರಾಯಿಗೆ ಹೋಗ್ತಿದ್ರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಗಿ 90 ಎಂಎಲ್ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು. ಕೈ ಬದಲಾಗಲಿಲ್ಲ, ಕೈಯಲ್ಲಿದ್ದ ಪೊಟ್ಟಣ ಬದಲಾಯ್ತು. ಬೆವರಿನಿಂದ ಕುಡಿತ ಬಿಡೋ ಹಾಗಿದ್ದಿದ್ರೆ ನಮ್ಮ ತಾಲ್ಲೂಕಿನಲ್ಲಿ ಒಬ್ಬ ಕುಡುಕನೂ ಇರಬಾರದಿತ್ತು. ವಾಸ್ತವ ತಿರುಗಾಮುರುಗಾ: ಮೈಕೈ ನೋವಿಗೆ ಅಂತಲೇ ಅವರು ಕುಡೀತಿದ್ದಿದ್ದು.

ಇನ್ನು ವಿಜ್ಞಾನದ ಮಾತಿಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಇಲ್ಲಿ ಪ್ರಾಣ ಹೋಗುವ ವಿಷಯ ಇದೆ.

ವರ್ಷಗಟ್ಟಲೆ ದಿನಾ ಕುಡಿಯುವವನ ಮಿದುಳು ಮದ್ಯಕ್ಕೆ ಹೊಂದಿಕೊಂಡಿರುತ್ತೆ. ಮದ್ಯ ನರಮಂಡಲವನ್ನು ಮಂಕು ಮಾಡುವ ವಸ್ತು. ಅದು ದಿನಾ ಬ್ರೇಕ್ ಒತ್ತುತ್ತಿದ್ದರೆ ಮಿದುಳು ತನ್ನ ಕಡೆಯಿಂದ ದಿನಾ ಆಕ್ಸಿಲರೇಟರ್ ಒತ್ತಿಕೊಂಡೇ ಇರುತ್ತೆ. ಒಂದು ದಿನ ಇದ್ದಕ್ಕಿದ್ದಂತೆ ಬ್ರೇಕಿನಿಂದ ಕಾಲು ತೆಗೆದರೆ ಗಾಡಿ ಏನಾಗುತ್ತೆ? ಕೊನೆಯ ಗುಟುಕಾಗಿ ಆರರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಕೈ ನಡುಕ, ಬೆವರು, ಎದೆ ಬಡಿತ, ವಾಕರಿಕೆ, ನಿದ್ದೆ ಇಲ್ಲದ ರಾತ್ರಿ ಶುರುವಾಗುತ್ತೆ. ಕೆಲವರಿಗೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು. ಎರಡನೇ-ಮೂರನೇ ದಿನದ ಹೊತ್ತಿಗೆ ಇನ್ನೂ ಕೆಲವರಿಗೆ ಸನ್ನಿ ಹಿಡಿದ ಹಾಗಾಗುತ್ತೆ: ಇಲ್ಲದ ಹುಳು-ಹುಪ್ಪಟೆ ಕಾಣಿಸುತ್ತೆ, ಎಲ್ಲಿದೀನಿ ಅನ್ನೋದೇ ಮರೆತುಹೋಗುತ್ತೆ, ಜ್ವರ ಬರುತ್ತೆ. ಇದಕ್ಕೆ ಸರಿಯಾದ ಚಿಕಿತ್ಸೆ ಸಿಗದಿದ್ರೆ ಸಾವೂ ಬರುತ್ತೆ. ಎಲ್ಲರಿಗೂ ಹೀಗಾಗಲ್ಲ, ಬಹಳಷ್ಟು ಜನರಿಗೆ ನಡುಕಕ್ಕೇ ಮುಗಿಯುತ್ತೆ. ಯಾರಿಗೆ ಏನಾಗುತ್ತೆ ಅಂತ ಅಂದಾಜು ಮಾಡೋದು ಡಾಕ್ಟರ ಕೆಲಸ. ಜಿಮ್ ಟ್ರೈನರ್ ಕೆಲಸ ಅಲ್ಲ, ನಿಮ್ಮ ಟೀಮ್ ಲೀಡ್ ಕೆಲಸ ಅಂತೂ ಅಲ್ಲವೇ ಅಲ್ಲ.

ಈಗ ಆ ಗಂಟೆಗಳನ್ನು ನಮ್ಮ ಸಲಹೆಯ ಪಕ್ಕ ಇಡಿ. "ನಾಳೆಯಿಂದ್ಲೇ." ಅಂದರೆ ಆ ಮನುಷ್ಯನ ದೇಹ ಅತಿ ಅಪಾಯದಲ್ಲಿರುವ ಗಳಿಗೆ ನೋಡಿಯೇ ನಾವು ಅವನನ್ನು ಟ್ರೆಡ್‌ಮಿಲ್ ಹತ್ತಿಸುತ್ತಿದ್ದೇವೆ.

ನಾನು ಹೋಗುತ್ತಿದ್ದ ಜಿಮ್ಮಿನಲ್ಲೇ ಇದು ನಡೆಯಿತು. ಜನವರಿ ಮೊದಲ ವಾರ, ಕಾಲಿಡೋಕೆ ಜಾಗ ಇಲ್ಲ. ಹೊಸದಾಗಿ ಸೇರಿದ್ದ ಹುಡುಗ, ಮೂವತ್ತೆರಡು-ಮೂವತ್ತಮೂರು ಇರಬಹುದು, ಲಾಕರ್ ಹತ್ತಿರ ನೀರಿನ ಬಾಟಲಿ ಹಿಡಿದ ಕೈ ನಡುಗುತ್ತಿತ್ತು. ಟ್ರೈನರ್ "ಫಸ್ಟ್ ಡೇ ಎಲ್ಲರಿಗೂ ಹಂಗೇ ಬ್ರೋ" ಅಂದ. ಕಾಫಿಗಿಂತ ಎಷ್ಟೋ ಪಟ್ಟು ಕೆಫೀನ್ ಇರುವ ಪ್ರೀ-ವರ್ಕೌಟ್ ಪುಡಿ ಕಲೆಸಿ ಕೊಟ್ಟ. ಹತ್ತು ನಿಮಿಷಕ್ಕೆ ಹುಡುಗ ನೆಲದ ಮೇಲೆ. ಕಣ್ಣು ಮೇಲೆ, ಬಾಯಲ್ಲಿ ನೊರೆ. ಯಾರೋ ಕೈಗೆ ಬೀಗದ ಕೈ ಗೊಂಚಲು ತುರುಕಿದರು. ಇನ್ಯಾರೋ ಬಾಯಿಗೆ ಗ್ಲೂಕೋಸ್ ನೀರು ಹಾಕೋಕೆ ಬಂದರು. ಪುಣ್ಯಕ್ಕೆ ಅಲ್ಲಿದ್ದ ನರ್ಸಿಂಗ್ ಓದಿದ ಹೆಂಗಸೊಬ್ಬರು ಎಲ್ಲರನ್ನೂ ಗದರಿಸಿ, ಅವನನ್ನು ಮಗ್ಗುಲಿಗೆ ಹೊರಳಿಸಿ, ಸುತ್ತ ಇದ್ದ ಕಬ್ಬಿಣ ಸರಿಸಿ ಆಂಬ್ಯುಲೆನ್ಸಿಗೆ ಫೋನ್ ಮಾಡಿಸಿದರು. ಫಿಟ್ಸ್ ಬಂದವರ ಬಾಯಿಗೆ ಏನೂ ಹಾಕಬಾರದು, ಕಬ್ಬಿಣ ಕೊಟ್ಟರೆ ನಿಲ್ಲಲ್ಲ, ಬಿಇ ಓದಿದ ಜಾಗದಲ್ಲೂ ಇದನ್ನು ಹೇಳಿಕೊಡಬೇಕಾಗಿ ಬಂತು ನೋಡಿ. ಹುಡುಗ ಉಳಿದ. ಹೊಸ ವರ್ಷಕ್ಕೆ ಕುಡಿತ ಬಿಟ್ಟಿದ್ದನಂತೆ, ಎರಡನೇ ದಿನವಂತೆ.

ಆ ಜಿಮ್ಮಿನ ಫಾರಂ ನನಗೆ ನೆನಪಿದೆ. ಬೆನ್ನು ನೋವು ಇದೆಯಾ, ಬಿಪಿ ಇದೆಯಾ, ಯಾವ ಫ್ಲೇವರಿನ ಪ್ರೋಟೀನ್ ಇಷ್ಟ. ಕುಡಿತದ ಬಗ್ಗೆ ಪ್ರಶ್ನೆಯೇ ಇರಲಿಲ್ಲ. ಇದ್ದಿದ್ದರೂ ನಾವು "ಅಪರೂಪಕ್ಕೆ" ಅಂತ ಟಿಕ್ ಮಾಡ್ತಿದ್ವಿ, ಬಿಡಿ. ಈ ದೇಶದಲ್ಲಿ ವಾರಕ್ಕೆ ಐದು ದಿನ ಅನ್ನೋದೂ ಅಪರೂಪವೇ.

ಸರಿ, ಡಾಕ್ಟರ ಹತ್ತಿರ ಹೋಗಿ, ಮೊದಲ ವಾರದ ಮಾತ್ರೆ, ಬಿ1 ವಿಟಮಿನ್ ಎಲ್ಲ ತಗೊಂಡು ಆ ಘಟ್ಟ ದಾಟಿದರು ಅಂತ ಇಟ್ಕೊಳ್ಳಿ. ಆಗಲಾದ್ರೂ ಜಿಮ್ಮಿಗೆ ಅಟ್ಟಬಹುದಾ? ಆಗಲೂ ದೇಹ ಏನಾಗಿದೆ ಅಂತ ನೋಡಿಯೇ ಮುಂದಿನ ಮಾತು. ಬಹಳ ವರ್ಷ ಕುಡಿದವರಿಗೆ ಪಾದದ ನರ ಮಂದ ಆಗಿರಬಹುದು, ನೆಲ ಸರಿಯಾಗಿ ಗೊತ್ತಾಗಲ್ಲ. ಮಾಂಸಖಂಡ ಸೊರಗಿರಬಹುದು. ರಕ್ತದಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ ಕಮ್ಮಿ ಇರಬಹುದು. ಹೃದಯದ ಬಡಿತ ತಾಳ ತಪ್ಪುವುದಕ್ಕಂತೂ ಒಂದು ಹೆಸರೇ ಇದೆ, 'ಹಾಲಿಡೇ ಹಾರ್ಟ್'. ರಜೆಯಲ್ಲಿ, ವಾರಾಂತ್ಯದಲ್ಲಿ ವಿಪರೀತ ಕುಡಿದು ಎದೆ ಹಿಡ್ಕೊಂಡು ಆಸ್ಪತ್ರೆಗೆ ಬರುತ್ತಿದ್ದವರನ್ನು ನೋಡಿ ಅಮೆರಿಕದ ವೈದ್ಯರು 1978ರಲ್ಲಿ ಇಟ್ಟ ಹೆಸರು. ಇಂಥ ದೇಹಕ್ಕೆ 'ತೊಂಬತ್ತು ದಿನದಲ್ಲಿ ಸಿಕ್ಸ್ ಪ್ಯಾಕ್' ಅನ್ನೋ ಪ್ಯಾಕೇಜ್ ಮಾರೋರನ್ನು ಏನನ್ನಬೇಕು?

ಇನ್ನೊಂದು ತಮಾಷೆ ಕೇಳಿ. ಲಿವರ್ ಟೆಸ್ಟಿನಲ್ಲಿ ನೋಡುವ ಎಎಸ್‌ಟಿ, ಎಎಲ್‌ಟಿ ಅನ್ನುವ ಎರಡು ಎಂಜೈಮುಗಳು ಮಾಂಸಖಂಡದಲ್ಲೂ ಇವೆ. ಅಭ್ಯಾಸವಿಲ್ಲದೆ ಭಾರೀ ತೂಕ ಎತ್ತಿದರೆ ಕೆಲವು ದಿನ ಅವು ಏರಿಯೇ ಇರುತ್ತವೆ. ಪಾಪ, ಒಂದು ತೊಟ್ಟೂ ಮುಟ್ಟದೆ ಬೆವರು ಸುರಿಸಿದವನ ರಿಪೋರ್ಟು ಕೆಂಪಗೆ ಬರುತ್ತೆ. ಮನೆಯಲ್ಲಿ ಹೆಂಡತಿ "ಮತ್ತೆ ಶುರು ಮಾಡಿದ್ರಾ?" ಅಂತಾರೆ. ನಂಬಿಕೆ ಅನ್ನೋದು ಮೊದಲೇ ಹರಿದ ಚೀಲ. ಟೆಸ್ಟಿಗೆ ಮುಂಚೆ ಕೆಲವು ದಿನ ಭಾರ ಎತ್ತಬೇಡಿ, ಎತ್ತಿದ್ದರೆ ಡಾಕ್ಟರಿಗೆ ಹೇಳಿ. ಈ ಒಂದು ಮಾತು ಎಷ್ಟೋ ಮನೆಯ ಜಗಳ ತಪ್ಪಿಸುತ್ತೆ.

ಜಿಮ್ ಗೆಳೆಯರ ಔಷಧಿ ಅಂಗಡಿಯದ್ದು ಇನ್ನೂ ದೊಡ್ಡ ಕಥೆ. "ಲಿವರ್ ಡಿಟಾಕ್ಸ್ ಪುಡಿ ತಗೋ, ಸ್ಟ್ರೆಂತ್ ಬರೋಕೆ ಅಶ್ವಗಂಧಾರಿಷ್ಟ ತಗೋ, ಆಯುರ್ವೇದ ಅಲ್ವಾ, ಏನೂ ಆಗಲ್ಲ." ಆಗುತ್ತೆ ಸ್ವಾಮಿ. ಅರಿಷ್ಟ, ಆಸವ ಅಂದ್ರೇನೇ ಹುದುಗಿಸಿ ಮಾಡಿದ್ದು, ಅದರಲ್ಲಿ ತಾನಾಗಿಯೇ ಹುಟ್ಟಿದ ಆಲ್ಕೋಹಾಲ್ ಇರುತ್ತೆ, ಶೀಶೆಯ ಮೇಲೆ ಬರೆದೂ ಇರುತ್ತಾರೆ. ಕುಡಿತ ಬಿಡಲು ಡೈಸಲ್ಫಿರಾಮ್ ಮಾತ್ರೆಯ ಮೇಲಿರುವವರು ಅದನ್ನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡ್ಕೊಂಡು, ಬಿಪಿ ಕುಸಿಯಬಹುದು. ಮಾತ್ರೆ ನಿಲ್ಲಿಸಿ ವಾರ, ಎರಡು ವಾರ ಆದಮೇಲೂ ಹೀಗಾಗಬಹುದು. ಮಾತ್ರೆ ಇಲ್ಲದವರಿಗೂ ಆ ವಾಸನೆ, ಆ ಉರಿ ಗಂಟಲಿಗೆ ಹಳೇ ನೆನಪು ಕೊಡುತ್ತೆ. ಅರಿಷ್ಟ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ನಮ್ಮಜ್ಜಿ ಬಾಣಂತಿಯರಿಗೆ ದಶಮೂಲಾರಿಷ್ಟ ಕೊಟ್ಟೇ ಬೆಳೆಸಿದ್ದು. ಆದರೆ ಯಾರಿಗೆ ಯಾವುದು ಅನ್ನೋದನ್ನು ಬೆಂಚ್ ಪ್ರೆಸ್ ಪಕ್ಕ ನಿಂತು ತೀರ್ಮಾನ ಮಾಡಬಾರದು.

ಇಷ್ಟೆಲ್ಲ ಹೇಳಿದ ಮೇಲೆ ವ್ಯಾಯಾಮದಿಂದ ಪ್ರಯೋಜನ ಏನು ಅನ್ನೋದನ್ನೂ ನೆಟ್ಟಗೆ ಹೇಳಬೇಕು. ಮದ್ಯವ್ಯಸನದ ಚಿಕಿತ್ಸೆಯಲ್ಲಿರುವವರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಕಂಡದ್ದು ಹೀಗಿದೆ: ವ್ಯಾಯಾಮದಿಂದ ಉಸಿರಾಟದ ತಾಕತ್ತು ಹೆಚ್ಚುತ್ತೆ, ಖಿನ್ನತೆ ಇಳಿಯುತ್ತೆ. ಆದರೆ ಕುಡಿಯುವ ಪ್ರಮಾಣವನ್ನು ವ್ಯಾಯಾಮವೊಂದೇ ಇಳಿಸುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಇದನ್ನು ಕೇಳಿ "ಹಾಗಾದ್ರೆ ವೇಸ್ಟ್" ಅನ್ನೋರು ಖಿನ್ನತೆಯನ್ನು ಹತ್ತಿರದಿಂದ ನೋಡಿಲ್ಲ. ಬಿಟ್ಟ ಮೊದಲ ತಿಂಗಳುಗಳಲ್ಲಿ ಊಟ ರುಚಿಸಲ್ಲ, ಸಿನಿಮಾ ರುಚಿಸಲ್ಲ, ಮಗು ಬಂದು ತೊಡೆ ಹತ್ತಿದರೂ ಏನೂ ಅನ್ನಿಸಲ್ಲ. ನಿದ್ದೆಯಂತೂ ಎಷ್ಟೋ ವಾರ ಹಳಿಗೆ ಬರಲ್ಲ. ಅಂಥ ಬೂದಿ ಬಣ್ಣದ ದಿನದಲ್ಲಿ ಅರ್ಧ ಗಂಟೆಯ ನಡಿಗೆ ಒಂದು ಹಿಡಿ ಹಸಿವು, ಒಂದು ಚೂರು ನಿದ್ದೆ ತಂದುಕೊಟ್ಟರೆ ಅದು ಸಣ್ಣ ಲಾಭವಲ್ಲ. ಅದನ್ನೇ ಚಿಕಿತ್ಸೆ ಅಂತ ಮಾರಬೇಡಿ ಅನ್ನೋದಷ್ಟೇ ನನ್ನ ಮಾತು.

ಇನ್ನೊಂದು ಉಪಯೋಗವಿದೆ, ಅದು ನನಗೆ ಬಹಳ ಹಿಡಿಸಿದ್ದು. 2004ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪುಟ್ಟ ಅಧ್ಯಯನದಲ್ಲಿ, ಆಗಷ್ಟೇ ಕುಡಿತ ಬಿಡಿಸಿಕೊಂಡ ರೋಗಿಗಳಿಗೆ ಹತ್ತು ನಿಮಿಷ ಸೈಕಲ್ ತುಳಿಸಿದರು. ತುಳಿಯುತ್ತಿರುವಷ್ಟು ಹೊತ್ತು ಕುಡಿಯಬೇಕೆಂಬ ಸೆಳೆತ ಇಳಿಯಿತು, ನಿಲ್ಲಿಸಿದ ಮೇಲೆ ಆ ಲಾಭ ಉಳಿಯಲಿಲ್ಲ. ಹತ್ತೇ ನಿಮಿಷ! ಆದರೆ ಸೆಳೆತದ ಸ್ವಭಾವವೇ ಅಲೆಯ ಹಾಗೆ. ಏರುತ್ತೆ, ಒಂದಷ್ಟು ಹೊತ್ತು ನಿಲ್ಲುತ್ತೆ, ಇಳಿಯುತ್ತೆ. ಅದು ತುದಿಯಲ್ಲಿರುವ ಕಾಲು-ಅರ್ಧ ಗಂಟೆ ದಾಟಿಸಿದರೆ ಅವತ್ತಿನ ದಿನ ದಾಟಿತು ಅಂತಲೇ ಲೆಕ್ಕ.

ಹಾಗಾದ್ರೆ ವ್ಯಾಯಾಮ ಯಾವಾಗ ಮಾಡಬೇಕು? ಬೆಂಗಳೂರಿನ ಫಿಟ್ನೆಸ್ ಪಂಡಿತರೆಲ್ಲ ಒಕ್ಕೊರಲಿನಿಂದ ಬೆಳಿಗ್ಗೆ ಐದು ಗಂಟೆ ಅಂತಾರೆ. ಐದು ಗಂಟೆಗೆ ಏಳುವವನೇ ಗಂಡಸು ಅನ್ನೋ ಹಾಗಾಗಿದೆ. ಸ್ವಲ್ಪ ಯೋಚನೆ ಮಾಡಿ. ಬೆಳಿಗ್ಗೆ ಐದಕ್ಕೆ ಯಾರಿಗೆ ವಿಸ್ಕಿ ನೆನಪಾಗುತ್ತೆ? ನಮ್ಮಂಥ ಕೆಲಸದವರ ಗಂಡಾಂತರ ಇರೋದು ಸಂಜೆ ಏಳರಿಂದ ಒಂಬತ್ತರ ನಡುವೆ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ, ಊಟಕ್ಕೆ ಮುಂಚೆ, ಹೊಟ್ಟೆ ಖಾಲಿ, ತಲೆ ಬಿಸಿ. ವ್ಯಸನ ಬಿಟ್ಟವರ ವಲಯದಲ್ಲಿ ನಾಲ್ಕು ಶತ್ರುಗಳ ಹೆಸರು ಹೇಳುತ್ತಾರೆ: ಹಸಿವು, ಸಿಟ್ಟು, ಒಂಟಿತನ, ದಣಿವು. ಈ ನಾಲ್ಕೂ ಒಟ್ಟಿಗೆ ಮೀಟಿಂಗ್ ಸೇರೋ ಹೊತ್ತು ಅದು. ಬೆಳಿಗ್ಗೆ ಐದಕ್ಕೆ ಎದ್ದು ಎಂಟು ಕಿಲೋಮೀಟರ್ ಓಡಿದವನು ಸಂಜೆ ಏಳಕ್ಕೆ ಇನ್ನೂ ದಣಿದಿರುತ್ತಾನೆ, ಇನ್ನೂ ಹಸಿದಿರುತ್ತಾನೆ. ಮೇಲಾಗಿ "ಇವತ್ತು ಓಡಿದೀನಲ್ಲ, ಒಂದು ಪೆಗ್ ಏನಾಗುತ್ತೆ" ಅನ್ನೋ ಲೆಕ್ಕಾಚಾರ ಬೇರೆ. ಹಳೇ ಬಾಟಲಿಯ ಗಳಿಗೆಗೇ ಹೊಸ ಕೆಲಸ ಹಚ್ಚಬೇಕು. ಆರೂವರೆಗೆ ಎರಡು ಬಾಳೆಹಣ್ಣೋ ಒಂದಿಷ್ಟು ಅವಲಕ್ಕಿಯೋ ತಿಂದು, ಏಳಕ್ಕೆ ಚಪ್ಪಲಿಯೋ ಶೂಸೋ ಹಾಕ್ಕೊಂಡು ಹೊರಗೆ. ಮೊದಲ ವಾರ ಹತ್ತು ನಿಮಿಷ ಸಾಕು, ಮಾತಾಡಿಕೊಂಡು ನಡೆಯೋ ವೇಗ ಸಾಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷ ಅನ್ನುತ್ತೆ, ಅದು ಮುಟ್ಟಬೇಕಾದ ಊರು, ಬಸ್ ಹತ್ತುವ ಸ್ಟಾಪ್ ಅಲ್ಲ.

ಯಾವ ದಾರಿಯಲ್ಲಿ ನಡೆಯಬೇಕು ಅನ್ನೋದು ಈ ಊರಲ್ಲಿ ನಿಜವಾಗಿ ತಲೆ ಕೆಡಿಸುವ ಪ್ರಶ್ನೆ. ಒಮ್ಮೆ ಮ್ಯಾಪ್ ತೆಗೆದು ನಿಮ್ಮ ಮನೆಯಿಂದ ಅರ್ಧ ಕಿಲೋಮೀಟರ್ ಸುತ್ತಳತೆಯಲ್ಲಿ ಬಾರು, ವೈನ್ಸು, ಎಂಆರ್‌ಪಿ ಔಟ್‌ಲೆಟ್, ಬ್ರೂವರಿ ಎಲ್ಲಾ ಗುರುತು ಹಾಕಿ. ಯಾವುದರ ಮುಂದೆಯೂ ಹಾಯದೆ ಪಾರ್ಕ್ ಮುಟ್ಟುವ ದಾರಿ ಹುಡುಕಿ. ಇಂಟರ್ವ್ಯೂನಲ್ಲಿ ಕೇಳೋ ಗ್ರಾಫ್ ಪ್ರಾಬ್ಲಂಗಿಂತ ಇದು ಕಷ್ಟ, ಉಪಯೋಗ ಮಾತ್ರ ಜಾಸ್ತಿ. ಹೆಂಗಸರಿಗೆ ಸಂಜೆ ಏಳರ ನಡಿಗೆಯೇ ಬೇರೆ ಲೆಕ್ಕ, ಬೀದಿದೀಪ, ಹಿಂದೆ ಬರುವ ಬೈಕು, ಮನೆಯವರ ಪ್ರಶ್ನೆ. ಕುಡಿತದ ವಿಷಯವನ್ನು ಅವರು ಬಾಯಿಬಿಟ್ಟು ಹೇಳೋದೇ ದೂರದ ಮಾತು. ಗಂಡಸು ಕುಡಿದ್ರೆ ಅಭ್ಯಾಸ, ಹೆಣ್ಣು ಕುಡಿದ್ರೆ ನಡತೆ ಅಂತ ತೀರ್ಪು ಬರೆದಿಟ್ಟ ಸಮಾಜ ಇದು. ಅವರಿಗೆ ಟೆರೇಸೋ ಅಪಾರ್ಟ್‌ಮೆಂಟಿನ ಒಳಗಿನ ರಸ್ತೆಯೋ ಆಗಬೇಕು, ಜೊತೆಗೆ ಬರುವ ಗೆಳತಿ ಬೇಕು.

ನಮ್ಮ ಜಾತಿಯವರದ್ದೇ, ಅಂದ್ರೆ ಸಾಫ್ಟ್‌ವೇರ್ ಜಾತಿಯವರದ್ದೇ ಒಂದು ವಿಶೇಷ ರೋಗವಿದೆ: ಸ್ಟ್ರೀಕ್. ಎಲ್ಲವನ್ನೂ ಅಪ್‌ಟೈಮ್ ಥರ ಎಣಿಸೋದು. ಕುಡಿಯದೆ 46 ದಿನ, ಜಿಮ್ 46 ದಿನ, ಹತ್ತು ಸಾವಿರ ಹೆಜ್ಜೆ 46 ದಿನ. 47ನೇ ದಿನ ಮಳೆ ಬಂತು, ಸಿಲ್ಕ್ ಬೋರ್ಡಿನಲ್ಲಿ ಎರಡು ಗಂಟೆ ಸಿಕ್ಕಿಹಾಕ್ಕೊಂಡ್ರಿ, ಜಿಮ್ ತಪ್ಪಿತು. ವಾಚು ಸೊನ್ನೆ ತೋರಿಸಿತು. ಆ ಸೊನ್ನೆ ನೋಡಿ ಎದ್ದೇಳುವ ದನಿ ಕುಡಿತ ಬಿಟ್ಟವರಿಗೆಲ್ಲ ಗೊತ್ತು: "ಹೋಗ್ಲಿ, ಹೇಗೂ ಕೆಟ್ಟಿತಲ್ಲ." ಒಂದು ನಿಯಮ ಮುರಿದ ತಕ್ಷಣ ಎಲ್ಲಾ ನಿಯಮ ಕೈಬಿಡುವ ಈ ಮನಸ್ಥಿತಿಯನ್ನು ವ್ಯಸನದ ಬಗ್ಗೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞರು ದಶಕಗಳ ಹಿಂದೆಯೇ ಗುರುತಿಸಿದ್ದಾರೆ. ಎರಡು ಸರ್ವರನ್ನು ಒಂದೇ ಪ್ಲಗ್ಗಿಗೆ ಸಿಕ್ಕಿಸಬಾರದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಡಿಯದ ದಿನಗಳ ಲೆಕ್ಕ ಬೇರೆ, ನಡೆದ ದಿನಗಳ ಲೆಕ್ಕ ಬೇರೆ ಇರಲಿ. ನಡಿಗೆ ತಪ್ಪಿದರೆ ನಡಿಗೆ ತಪ್ಪಿತು, ಅಷ್ಟೇ. ಸಾಧ್ಯವಾದರೆ ವಾಚನ್ನೇ ಮನೆಯಲ್ಲಿ ಬಿಟ್ಟು ಹೋಗಿ.

ಓಟದ ಗುಂಪುಗಳ ಕಡೆಗೂ ಒಂದು ಮಾತು. ಗುಂಪು ಒಳ್ಳೆಯದೇ, ಒಂಟಿತನಕ್ಕೆ ಅದಕ್ಕಿಂತ ಮದ್ದಿಲ್ಲ. ಆದರೆ ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಓಡಿ, ಹನ್ನೊಂದಕ್ಕೆ ಬ್ರೂವರಿಯಲ್ಲಿ ಸೇರೋದು ಯಾವ ಆರೋಗ್ಯ ಸ್ವಾಮಿ? ಓಟಕ್ಕೂ ಬಿಯರಿಗೂ ಗಂಟು ಹಾಕಿದ್ದು ನಾವೇನಲ್ಲ. 1938ರಲ್ಲಿ ಕ್ವಾಲಾಲಂಪುರದ ಬ್ರಿಟಿಷರು ಶುರು ಮಾಡಿದ ಹ್ಯಾಶ್ ಹೌಸ್ ಹ್ಯಾರಿಯರ್ಸ್ ಅನ್ನೋ ಓಟದ ಕೂಟದ ಗುರಿಯೇ ಓಡಿ, ಬಾಯಾರಿ, ಬಿಯರ್ ಕುಡಿಯೋದಾಗಿತ್ತು. ಅವರು ಕನಿಷ್ಠ ಅದನ್ನು ಮುಚ್ಚಿಡಲಿಲ್ಲ. ನಾವು ಅದಕ್ಕೆ 'ವೆಲ್‌ನೆಸ್ ಈವೆಂಟ್' ಅಂತ ಬ್ಯಾನರ್ ಕಟ್ಟುತ್ತೇವೆ, ಫಿನಿಶ್ ಲೈನ್ ದಾಟಿದವನ ಕೈಗೆ ಕೂಪನ್ ಕೊಡುತ್ತೇವೆ. ಆ ಕೂಪನ್ ಹಿಡಿದು ನಿಂತವರಲ್ಲಿ ಒಬ್ಬ ಮೂರು ತಿಂಗಳಿಂದ ಮುಟ್ಟದವನು ಇರಬಹುದು. ಅವನು "ಬೇಡ" ಅಂದಾಗ "ಅಯ್ಯೋ, ಓಡಿದೀಯಲ್ಲ, ಕಾರ್ಬ್ಸ್ ಬೇಕು" ಅನ್ನೋ ಮಹಾನುಭಾವರು ಎಲ್ಲಾ ಆಫೀಸಿನಲ್ಲೂ ಇದ್ದಾರೆ.

ಎಷ್ಟು ಜನರ ಮಾತು ಇದು ಅಂತ ಕೇಳ್ತೀರಾ? ದೆಹಲಿಯ ಏಮ್ಸ್ ಕೇಂದ್ರ ಸರ್ಕಾರಕ್ಕಾಗಿ ಮಾಡಿದ ಸಮೀಕ್ಷೆ 2019ರಲ್ಲಿ ಹೊರಬಂತು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ಕುಡಿತದಿಂದಾದ ತೊಂದರೆಗೆ ನೆರವು ಬೇಕು. ಮದ್ಯಕ್ಕೆ ಪೂರ್ತಿ ಅವಲಂಬಿತರಾದವರಲ್ಲಿ 38 ಜನರಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದೇನೆ ಅಂದಿದ್ದಾರೆ. ಉಳಿದ 37 ಜನರಿಗೆ ಏನು ಸಿಕ್ಕಿತು? "ಮನಸ್ಸು ಗಟ್ಟಿ ಮಾಡ್ಕೋ" ಸಿಕ್ಕಿತು. "ಜಿಮ್ ಸೇರ್ಕೋ" ಸಿಕ್ಕಿತು. ದೇವರ ಮೇಲೆ ಆಣೆ ಸಿಕ್ಕಿತು.

ಹಳ್ಳಿಯಿಂದ ಬಂದವನಾಗಿ ಇಲ್ಲೊಂದು ಹೋಲಿಕೆ ಮಾಡದೆ ಇರೋಕಾಗಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ವರ್ಷಗಳಿಂದ ಊರೂರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರದ ಭಜನೆ, ಭಾಷಣ ನಿಮಗೆ ಹಿಡಿಸದೆ ಇರಬಹುದು, ನನಗೂ ಅದರ ಬಗ್ಗೆ ತಕರಾರುಗಳಿವೆ. ಆದರೆ ನೋಡಿ, ಅಲ್ಲಿ ಯಾರನ್ನೂ ಒಂಟಿಯಾಗಿ ಬಿಡಲ್ಲ. ಮನೆಯವರನ್ನೂ ಕರೆಸುತ್ತಾರೆ. ಶಿಬಿರ ಮುಗಿದ ಮೇಲೂ ಬಿಟ್ಟವರು ಒಟ್ಟು ಸೇರಲಿ ಅಂತ ಊರಲ್ಲಿ ನವಜೀವನ ಸಮಿತಿ ಮಾಡುತ್ತಾರೆ. ಬೇಲೂರಿನ ಹತ್ತಿರದ ಕೂಲಿಯವನಿಗೆ ಸಿಗುವ ಇಷ್ಟು ಸಾಂಗತ್ಯ ಬೆಳ್ಳಂದೂರಿನ ಸೀನಿಯರ್ ಇಂಜಿನಿಯರಿಗೆ ಇಲ್ಲ. ಅವನಿಗೆ ಇರೋದು ಒಂದು ಆಪು, ಅದರೊಳಗೆ ಎಣಿಕೆಯ ಒಂದು ಸಂಖ್ಯೆ.

ಹಾಗಂತ ಈ ಊರಿನಲ್ಲಿ ಜಾಗ ಇಲ್ಲ ಅಂತಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಹುಚ್ಚಾಸ್ಪತ್ರೆ ಅಂತ ಮೂಗು ಮುರಿಯೋರು ಒಮ್ಮೆ ಆ ಸಾಲಿನಲ್ಲಿ ಕೂತು ನೋಡಿ, ನಿಮ್ಮ ಹಾಗೇ ಐಡಿ ಕಾರ್ಡನ್ನು ಜೇಬಿಗೆ ಹಾಕ್ಕೊಂಡು ಬಂದವರು ಸಿಗ್ತಾರೆ. ಬೇರೆ ಊರಿನವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಫೋನಿನಲ್ಲೇ ಮಾತಾಡಬೇಕು ಅಂದ್ರೆ ಟೆಲಿ ಮಾನಸ್ 14416, ವ್ಯಸನಮುಕ್ತಿಗೆ ಕೇಂದ್ರ ಸರ್ಕಾರದ ಸಹಾಯವಾಣಿ 14446. ಗೆಳೆಯ ಬಂದು "ಬಿಡಬೇಕು ಅಂತಿದೀನಿ" ಅಂದಾಗ ಇಷ್ಟು ಹೇಳಿ: "ಕೊನೇ ಸಲ ಕುಡಿದಿದ್ದು ಯಾವಾಗ? ಕೈ ನಡುಗ್ತಿದೆಯಾ? ನಡಿ, ಡಾಕ್ಟರ ಹತ್ತಿರ ನಾನೂ ಬರ್ತೀನಿ." ಆಮೇಲೆ ಡಾಕ್ಟರು ಸರಿ ಅಂದ ದಿನದಿಂದ, ಸಂಜೆ ಏಳಕ್ಕೆ ಅವನ ಗೇಟಿನ ಮುಂದೆ ನಿಂತು ಫೋನ್ ಮಾಡಿ. ದಾರಿಯುದ್ದಕ್ಕೂ ಕುಡಿತದ ಮಾತೇ ಆಡಬೇಕಾಗಿಲ್ಲ. ಆರ್‌ಸಿಬಿ ಬಗ್ಗೆ ಬೈಕೊಂಡು ನಡೆದರೂ ಆಯಿತು.

ಕಂಪನಿಗಳನ್ನು ಬಿಟ್ಟರೆ ಈ ಬರಹ ಮುಗಿಯಲ್ಲ. ಸ್ಟೆಪ್ ಚಾಲೆಂಜ್ ಮಾಡಿ, ಗೆದ್ದವನಿಗೆ ಸ್ಮಾರ್ಟ್‌ವಾಚ್ ಕೊಟ್ಟು, ಅವತ್ತೇ ರಾತ್ರಿ ಓಪನ್ ಬಾರಿನಲ್ಲಿ ಪಾರ್ಟಿ ಇಡೋ ಇದೇ ಎಚ್‌ಆರ್‌ಗಳಿಗೆ ಒಂದು ಪ್ರಶ್ನೆ ಕೇಳಬೇಕಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯದ ದುರ್ಬಳಕೆಗೆ ಅಂಟಿಕೊಂಡ ಮನೋಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ದೈಹಿಕ ಕಾಯಿಲೆಗೆ ಕೊಡುವ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅನ್ನುತ್ತೆ ಅದೇ ಕಾಯ್ದೆ. ಆದರೆ 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಹನ್ನೆರಡನೆಯದು, ಮದ್ಯವ್ಯಸನದ ಚಿಕಿತ್ಸೆ ಮತ್ತು ಅದರ ಪರಿಣಾಮಗಳು. ಬಹಳಷ್ಟು ಪಾಲಿಸಿಗಳಲ್ಲಿ ಅದು ಹಾಗೇ ಕೂತಿದೆ. ಅಂದ್ರೆ ಜಿಮ್ ಮೆಂಬರ್‌ಶಿಪ್ಪಿಗೆ ಕಂಪನಿ ದುಡ್ಡು ಕೊಡುತ್ತೆ, ಡಿಟಾಕ್ಸ್ ವಾರ್ಡಿನ ಮೂರು ರಾತ್ರಿಗೆ ನಿಮ್ಮ ಜೇಬೇ ಗತಿ. ಕಂಪನಿಗಳ ಗ್ರೂಪ್ ಪಾಲಿಸಿಯಲ್ಲಿ ಚೌಕಾಸಿ ಮಾಡಿ ಷರತ್ತು ಬದಲಿಸೋಕೆ ಅವಕಾಶ ಇರುತ್ತೆ. ಹೆರಿಗೆಗೆ, ವಯಸ್ಸಾದ ಅಪ್ಪ-ಅಮ್ಮನಿಗೆ ಹಾಗೆ ಚೌಕಾಸಿ ಮಾಡಿಯೇ ಸೇರಿಸಿಕೊಂಡಿದ್ದಾರೆ. ನಿಮ್ಮ ಪಾಲಿಸಿಯ ಪಿಡಿಎಫ್ ತೆಗೆದು 'ಎಕ್ಸ್‌ಕ್ಲ್ 12' ಅಂತ ಹುಡುಕಿ. ಸಿಕ್ಕರೆ, ಮುಂದಿನ ರಿನ್ಯೂವಲ್ ಯಾವ ತಿಂಗಳು ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ನಾಲ್ಕು ಜನ ಸೇರಿ ಹಾಕಿ.